ಎರಡು ಗುಡ್ಡ, ನಡುವೆ ಸೂರ್ಯ

(ಬಾಗಲಕೋಟೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ನಿಮಗೊಂದು ಕೆಲಸ. ಬಾಗಿಲಲ್ಲಿ ಕೊಟ್ಟ ಹಾಳೆಯ ಹಿಂಬದಿಗೆ ಒಂದು ನಿಸರ್ಗ ಚಿತ್ರ ತೆಗೆಯಿರಿ. ಪೆನ್ನಿನಲ್ಲೇ ಆಗಲಿ. ಎರಡು ನಿಮಿಷ ಸಾಕು.

ಆಯಿತಾ? ಈಗ ಪಕ್ಕದವರ ಹಾಳೆ ನೋಡಿ. ನಗು ಬಂತು, ಅಲ್ವಾ? ಮೂರುಮೂಲೆಯ ಎರಡು ಗುಡ್ಡ. ನಡುವೆ ಅರ್ಧ ಸೂರ್ಯ. ಗುಡ್ಡದ ಬುಡದಿಂದ ಇಳಿದು ಬರುವ ಹೊಳೆ. ಒಂದು ಗುಡಿಸಲು, ಒಂದು ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಇದನ್ನು ನಿಮಗೆ ಯಾರು ಕಲಿಸಿದರು ಅಂತ ಕೇಳಿದರೆ ನೆನಪಿಲ್ಲ. ನನಗೂ ನೆನಪಿಲ್ಲ. ಆದರೆ ಎಲ್ಲರ ಕೈಗೂ ಬಂದು ಕೂತಿದೆ.

ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆ ಬಾದಾಮಿ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ತರಗತಿಯ ಕಿಟಕಿಯಿಂದ ನೇರ ಗುಡ್ಡ ಕಾಣುತ್ತಿತ್ತು. ಆ ಕಡೆಯ ಗುಡ್ಡ ನಿಮಗೆ ಗೊತ್ತೇ ಇದೆ. ತುದಿ ಚೂಪಾಗಿಲ್ಲ, ಕುಡಗೋಲಿನಿಂದ ಸವರಿ ಹಾಕಿದ ಹಾಗೆ ಚಪ್ಪಟೆ. ಮೈಯೆಲ್ಲ ಕೆಂಪು ಮರಳುಗಲ್ಲು. ಅಡ್ಡಡ್ಡ ಪದರ, ನಡುನಡುವೆ ಮೇಲಿನಿಂದ ಕೆಳಗಿನ ತನಕ ಬಿರುಕು. ಸಂಜೆಯ ಬಿಸಿಲು ಬಿದ್ದಾಗ ಆ ಕಲ್ಲು ಸುಟ್ಟ ಹಂಚಿನ ಬಣ್ಣಕ್ಕೆ ತಿರುಗುತ್ತದೆ.

ಆ ಕಿಟಕಿಯ ಪಕ್ಕದಲ್ಲೇ ಕೂತು ಆರನೇ ತರಗತಿಯ ಹುಡುಗನೊಬ್ಬ ಮೂರುಮೂಲೆಯ ಹಸಿರು ಗುಡ್ಡ ತೆಗೆಯುತ್ತಿದ್ದ. ನಾನು ಕೇಳಿದೆ, "ಗುಡ್ಡ ಹಿಂಗ ಐತೇನೋ? ಕಿಟಕಿಯಾಗ ನೋಡು." ಅವನು ನೋಡಿದ. ಮತ್ತೆ ಹಾಳೆ ನೋಡಿದ. ಆಮೇಲೆ ಬಹಳ ತಾಳ್ಮೆಯಿಂದ ಹೇಳಿದ, "ಅದು ನಮ್ಮೂರ ಗುಡ್ಡ ರೀ ಅಕ್ಕೋರ. ಇದು ಚಿತ್ರದಾಗಿನ ಗುಡ್ಡ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹನ್ನೊಂದು ವರ್ಷಕ್ಕೇ ಆ ಹುಡುಗನಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಕಣ್ಣಿಗೆ ಕಾಣುವುದು ಒಂದು, ಶಾಲೆಯಲ್ಲಿ ತೆಗೆಯುವುದು ಇನ್ನೊಂದು. ಅದನ್ನು ಅವನಿಗೆ ಕಲಿಸಿದವರು ನಾವು. ನಾನೂ ಅದರಲ್ಲಿ ಒಬ್ಬಳು. ಮೊದಲ ಕೆಲವು ವರ್ಷ ನಾನು ಬೋರ್ಡಿನ ಮೇಲೆ ಒಂದು ಚಿತ್ರ ತೆಗೆದು "ಹೀಗೇ ತೆಗೆಯಿರಿ" ಅನ್ನುತ್ತಿದ್ದೆ. ನಲವತ್ತು ಮಕ್ಕಳಿಂದ ನಲವತ್ತು ಒಂದೇ ಥರದ ಚಿತ್ರ ಬರುತ್ತಿದ್ದವು. ಅದರಲ್ಲಿ ಅಚ್ಚುಕಟ್ಟಾದದ್ದಕ್ಕೆ ಹತ್ತಕ್ಕೆ ಒಂಬತ್ತು. ಉಳಿದವಕ್ಕೆ ಆರು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಮಕ್ಕಳಿಗೆ ಕೊಡುವ ಕೆಲಸ ಪಕ್ಕದವನ ಹಾಳೆ ನೋಡಿ ಮಾಡಲಾಗದಂಥದ್ದು ಇರಬೇಕು. ಅಂಗಡಿಯಲ್ಲಿ ಕೊಳ್ಳಲಾಗದಂಥದ್ದು, ಮೊಬೈಲಿನಲ್ಲಿ ಹುಡುಕಿ ಪ್ರಿಂಟ್ ತೆಗೆಸಲಾಗದಂಥದ್ದು. ಮಗು ತಾನೇ ಎದ್ದು ಹೋಗಿ, ಯಾವುದನ್ನಾದರೂ ತನ್ನ ಕಣ್ಣಿಂದ ನೋಡಿದ ಮೇಲೆ ಮಾತ್ರ ಮುಗಿಯುವಂಥದ್ದು.

ಆರು, ಏಳು, ಎಂಟನೇ ತರಗತಿ ಬಹಳ ನಾಜೂಕಾದ ಕಾಲ. ಒಂದನೇ ತರಗತಿಯ ಮಗುವಿಗೆ ಹಾಳೆ ಕೊಡಿ, ಹಿಂದೆ ಮುಂದೆ ನೋಡದೆ ಆನೆ ತೆಗೆಯುತ್ತದೆ. ಆನೆಗೆ ಐದು ಕಾಲಿದ್ದರೂ ಅದಕ್ಕೆ ಚಿಂತೆಯಿಲ್ಲ. ಅದೇ ಮಗು ಹನ್ನೆರಡಕ್ಕೆ ಬಂದಾಗ ಹಾಳೆಯನ್ನು ಕೈಯಿಂದ ಮುಚ್ಚಿಕೊಳ್ಳುತ್ತದೆ. "ನನಗ ಬರಂಗಿಲ್ರಿ" ಅನ್ನುತ್ತದೆ. ಮಕ್ಕಳ ಚಿತ್ರ ವಯಸ್ಸಿನ ಜೊತೆ ಹೇಗೆ ಬದಲಾಗುತ್ತದೆ ಅಂತ ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು ಹಂತ ಹಂತವಾಗಿ ಬರೆದಿದ್ದಾರೆ. ಅವರ ಪ್ರಕಾರ ಹನ್ನೆರಡರ ಆಸುಪಾಸಿನಲ್ಲಿ ಮಗು ತನ್ನ ಚಿತ್ರ ನಿಜದ ಹಾಗೆ ಕಾಣಬೇಕು ಅಂತ ಬಯಸತೊಡಗುತ್ತದೆ. ಕಣ್ಣು ಬೆಳೆದಿದೆ, ಕೈ ಇನ್ನೂ ಅಷ್ಟು ಬೆಳೆದಿಲ್ಲ. ಹಾಗಾಗಿ ತಾನು ತೆಗೆದದ್ದು ತನಗೇ ಹಿಡಿಸುವುದಿಲ್ಲ. ಬಹಳಷ್ಟು ಜನ ಚಿತ್ರ ಬಿಡುವುದು ಇಲ್ಲೇ. ಈ ಸಭೆಯಲ್ಲಿ "ನನಗೆ ಡ್ರಾಯಿಂಗ್ ಬರಲ್ಲ" ಅನ್ನುವವರೆಲ್ಲ ಒಮ್ಮೆ ನೆನಪು ಮಾಡಿಕೊಳ್ಳಿ. ಬಿಟ್ಟದ್ದು ಆರೋ ಏಳೋ ಕ್ಲಾಸಿನಲ್ಲೇ ಇರುತ್ತದೆ.

ಈ ವಯಸ್ಸಿನ ಮಗುವಿಗೆ "ಗಾಂಧೀಜಿ ಚಿತ್ರ ತೆಗೆದುಕೊಂಡು ಬಾ" ಅಂದರೆ ಸೋಲಿಗೆ ತಳ್ಳಿದ ಹಾಗೆ. ಅದರ ಬದಲು ಕೈಚಳಕ ಕಡಿಮೆ ಬೇಡುವ, ಕಣ್ಣು ಮತ್ತು ತಲೆ ಜಾಸ್ತಿ ಬೇಡುವ ಕೆಲಸ ಕೊಡಬೇಕು. ಅಂಥ ಕೆಲಸಗಳನ್ನು ನಾನು ಎಲ್ಲಿಂದಲೋ ಹುಡುಕಿ ತರಬೇಕಾಗಲಿಲ್ಲ. ನಮ್ಮ ಸುತ್ತಲೇ ಇದ್ದವು.

ಮೊದಲನೆಯದು ಆ ಗುಡ್ಡವೇ. ಹುಡುಗರನ್ನು ಹೊರಗೆ ಕರೆದುಕೊಂಡು ಹೋಗಿ, ಆಕಾಶ ಮತ್ತು ಗುಡ್ಡ ಸೇರುವ ಗೆರೆ ಮಾತ್ರ ತೆಗೆಯಿರಿ ಅಂದೆ. ಮರ ಬೇಡ, ಮನೆ ಬೇಡ, ಬಣ್ಣ ಬೇಡ. ಎಡದಿಂದ ಬಲಕ್ಕೆ ಒಂದೇ ಗೆರೆ. ಹಾಳೆ ನೋಡಬಾರದು, ಗುಡ್ಡ ನೋಡುತ್ತಾ ಕೈ ಸಾಗಬೇಕು. ಮೊದಲು ಗದ್ದಲ ಎದ್ದಿತು. ಐದು ನಿಮಿಷಕ್ಕೆ ಸುಮ್ಮನಾದರು. ಗೆರೆ ಸೊಟ್ಟ ಬಂದಿತ್ತು, ಆದರೆ ಒಂದೂ ಮೂರುಮೂಲೆ ಇರಲಿಲ್ಲ. ಒಬ್ಬ ಹುಡುಗಿ ಗೆರೆಯ ನಡುವೆ ಒಂದು ಸಣ್ಣ ಗುಬಟು ತೋರಿಸಿ ಅಲ್ಲಿ ದೇವರ ಗುಡಿ ಇದೆ, ತನ್ನ ತಂಗಿಯ ಜವಳ ಅಲ್ಲೇ ಆಗಿದ್ದು ಅಂದಳು. ಒಂದು ಗೆರೆಯಲ್ಲಿ ಅಷ್ಟು ಇತ್ತು.

ಇದೇ ಥರದ್ದನ್ನು ಪಟ್ಟದಕಲ್ಲಿಗೆ ಪ್ರವಾಸ ಹೋದಾಗ ಮಾಡಿಸಬಹುದು. 1987ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಅಂತ ನೋಟ್ಸ್ ಬರೆಸುತ್ತೇವೆ. ಮಕ್ಕಳು ಅದನ್ನು ಬಸ್ಸಿನಲ್ಲೇ ಮರೆಯುತ್ತಾರೆ. ಗಳಗನಾಥ ಗುಡಿಯ ನೆತ್ತಿಯ ಗೆರೆ ಒಂದು, ವಿರೂಪಾಕ್ಷ ಗುಡಿಯ ನೆತ್ತಿಯ ಗೆರೆ ಒಂದು ತೆಗೆಸಿ ನೋಡಿ. ಒಂದು ಬಾಗಿ ಬಾಗಿ ಮೇಲೇರುತ್ತದೆ, ಇನ್ನೊಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ನಾಗರ ಶೈಲಿ, ದ್ರಾವಿಡ ಶೈಲಿ ಅನ್ನುವ ಮಾತನ್ನು ಆಮೇಲೆ ಹೇಳಿದರೆ ಸಾಕು. ಕೈಗೆ ಆಗಲೇ ಗೊತ್ತಾಗಿರುತ್ತದೆ.

ಎರಡನೆಯದು ಕಸೂತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನನಗೆ ಬಹಳ ಪ್ರೀತಿಯ ಕೆಲಸ ಇದು.

ಇಳಕಲ್ ಸೀರೆಯ ಮೇಲಿನ ಕಸೂತಿಯನ್ನು ನೀವೆಲ್ಲ ನೋಡಿದ್ದೀರಿ. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ. ಹಳೆಯ ಚಂದ್ರಕಾಳಿ, ಅಂದರೆ ಕಪ್ಪು ಸೀರೆ, ಮನೆಯಲ್ಲಿ ಯಾರದಾದರೂ ಇದ್ದರೆ ಹೋಗಿ ತೆಗೆದು ನೋಡಿ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲೇ ಚಿತ್ರ ತೆಗೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹಾಕುತ್ತಾರೆ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಮೆಂತೆ ಅಂದರೆ ಮೆಂತೆಕಾಳಿನ ಹಾಗೆ ಕಾಣುವ, ಒಂದರ ಮೇಲೊಂದು ಅಡ್ಡ ಹಾಯುವ ಹೊಲಿಗೆ. ನೇಗಿ ಬಟ್ಟೆಯಲ್ಲಿ ನೇಯ್ದ ಹಾಗೇ ಕಾಣುತ್ತದೆ. ಮುರ್ಗಿ ಮೆಟ್ಟಿಲಿನ ಹಾಗೆ ಮುರಿಮುರಿದು ಹೋಗುತ್ತದೆ.

ಗವಂತಿ ನಿಜವಾಗಿ ಒಂದು ಒಗಟು. ಸೂಜಿ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಅಂತ ಸಾಗುತ್ತದೆ. ತುದಿ ಮುಟ್ಟಿ ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ಮುಗಿದ ಮೇಲೆ ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ. ಗಂಟು ಕಾಣುವುದಿಲ್ಲ. ನಡುವೆ ಕೊಂಬೆ ಬಂದರೆ ಆ ಕೊಂಬೆಯ ತುದಿಗೆ ಹೋಗಿ, ವಾಪಸ್ ಬಂದು, ಮುಂದೆ ಹೋಗಬೇಕು. ಎಲ್ಲೂ ದಾರ ಹಾರುವ ಹಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಅಜ್ಜಿಯರು ಈ ಲೆಕ್ಕವನ್ನು ತಲೆಯಲ್ಲೇ ಹಾಕುತ್ತಿದ್ದರು.

ನಾನು ಮಕ್ಕಳಿಗೆ ಸೂಜಿ ಕೊಡುವುದಿಲ್ಲ. ಗಣಿತದ ಚೌಕದ ಪುಸ್ತಕ ಮತ್ತು ಎರಡು ಬಣ್ಣದ ಪೆನ್ಸಿಲ್ ಸಾಕು. ಹೋಗುವಾಗ ಕೆಂಪು, ಒಂದು ಮನೆ ಬಿಟ್ಟು ಒಂದು ಮನೆ. ಬರುವಾಗ ನೀಲಿ, ಬಿಟ್ಟ ಮನೆ ತುಂಬುತ್ತಾ. ಮೊದಲ ವಾರ ಮನೆಯಲ್ಲಿರುವ ಸೀರೆಯ ಯಾವುದಾದರೂ ಒಂದು ಚಿತ್ರವನ್ನು ಎಳೆ ಎಣಿಸಿ ಚೌಕಕ್ಕೆ ಇಳಿಸಬೇಕು. ಸೀರೆ ಇಲ್ಲದಿದ್ದರೆ ಓಣಿಯಲ್ಲಿ ಕೇಳಿ ತರಬೇಕು. ಎರಡನೇ ವಾರ ಅಜ್ಜಿಯ ಕಾಲದಲ್ಲಿ ಇಲ್ಲದ ವಸ್ತುವೊಂದನ್ನು ಗವಂತಿಯಲ್ಲಿ ತೆಗೆಯಬೇಕು.

ಮುಧೋಳ ಕಡೆಯ ಹುಡುಗನೊಬ್ಬ ಕಬ್ಬಿನ ಟ್ರ್ಯಾಕ್ಟರ್ ಆಯ್ದುಕೊಂಡ. ಹಿಂದೆ ಎರಡು ಟ್ರೇಲರ್. ಮೂರನ್ನೂ ಬಹಳ ಚಂದ ತೆಗೆದಿದ್ದ, ಆದರೆ ಬಿಡಿಬಿಡಿಯಾಗಿ. ಕೆಂಪು ಪೆನ್ಸಿಲ್ ಹಿಡಿದು ದಾರಿ ಹುಡುಕುತ್ತಾ ಹೊರಟವನು ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಬಂದು ನಿಂತುಬಿಟ್ಟ. "ಅಕ್ಕೋರ, ಟ್ರೇಲರ್‌ಗೆ ಹೋಗೂದು ಹ್ಯಾಂಗ್ರಿ? ದಾರ ಹರೀತೈತಿ." ನಾನು ಹೇಳಿಕೊಡಲಿಲ್ಲ. ಹೊರಗೆ ರಸ್ತೆಯಲ್ಲಿ ಹಂಗಾಮಿನ ಟ್ರ್ಯಾಕ್ಟರ್ ಓಡಾಡುತ್ತಲೇ ಇದ್ದವು, ಹೋಗಿ ನೋಡು ಅಂದೆ. ಐದು ನಿಮಿಷಕ್ಕೆ ಓಡಿ ಬಂದ. "ಕೊಂಡಿ ಐತ್ರಿ! ಕೊಂಡಿ ತಗದೇ ಇಲ್ಲ ನಾ." ಎರಡು ಚೌಕದ ಕೊಂಡಿ ಹಾಕಿದ. ದಾರ ಮುಂದೆ ಹೋಯಿತು.

ಇಳಕಲ್ ಸೀರೆ ನೇಯುವವರ ಮಾತಿನಲ್ಲೂ ಕೊಂಡಿ ಇದೆ. ಸೀರೆಯ ಮೈ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದಕ್ಕೊಂದು ಸಿಕ್ಕಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಆ ಹುಡುಗನಿಗೆ ಇದನ್ನು ಹೇಳಿದೆ. ಅವನ ಮುಖ ನೋಡಬೇಕಿತ್ತು ನೀವು. ತಾನು ಕಂಡುಹಿಡಿದದ್ದನ್ನು ನೇಕಾರರೂ ಕಂಡುಹಿಡಿದಿದ್ದಾರೆ ಅನ್ನುವ ಖುಷಿ ಅದು.

ಮೂರನೆಯದು ಬಣ್ಣ. ಬಣ್ಣದ ಡಬ್ಬಿ ತರಲು ಆಗದ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ. ಅವರು ಪಕ್ಕದವರ ಕ್ರೆಯಾನ್ ಕೇಳುವುದು, ಪಕ್ಕದವರು ಕೊಡದೆ ಇರುವುದು, ನೋಡಿದರೆ ಕರುಳು ಚುರ್ ಅನ್ನುತ್ತದೆ. ಹಾಗಾಗಿ ವರ್ಷಕ್ಕೆ ಒಂದು ತಿಂಗಳು ನಮ್ಮ ತರಗತಿಯಲ್ಲಿ ಅಂಗಡಿಯ ಬಣ್ಣಕ್ಕೆ ರಜೆ. ಎಲ್ಲರೂ ಬಣ್ಣ ಮಾಡಿಕೊಳ್ಳಬೇಕು.

ಮಾಡುವ ರೀತಿ ಹೇಳುತ್ತೇನೆ, ಬರೆದುಕೊಳ್ಳಿ. ಹಿಡಿ ಮಣ್ಣು ತನ್ನಿ. ಕಸ ಕಡ್ಡಿ ತೆಗೆದು ಕುಟ್ಟಿ ಪುಡಿ ಮಾಡಿ. ಒಂದು ಪಾತ್ರೆ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಹತ್ತು ಎಣಿಸಿ. ಅಷ್ಟರಲ್ಲಿ ಮರಳು, ದಪ್ಪ ಕಾಳು ತಳಕ್ಕೆ ಕೂತಿರುತ್ತದೆ. ಮೇಲಿನ ರಾಡಿ ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಹಳೆ ಧೋತರದ ಬಟ್ಟೆಯಲ್ಲಿ ಸೋಸಿ. ಮುಚ್ಚಿಡಿ. ಮರುದಿನ ಮೇಲೆ ತಿಳಿನೀರು, ಕೆಳಗೆ ನುಣ್ಣನೆ ಕೆಸರು. ನೀರು ಚೆಲ್ಲಿ, ಕೆಸರು ಒಣಗಿಸಿದರೆ ಬಣ್ಣದ ಪುಡಿ ಸಿಕ್ಕಿತು. ಬೆರಳಲ್ಲಿ ತಿಕ್ಕಿದರೆ ಮುಖಕ್ಕೆ ಹಚ್ಚುವ ಪೌಡರಿನ ಹಾಗಿರಬೇಕು. ತರಿ ಸಿಕ್ಕರೆ ಮತ್ತೊಮ್ಮೆ ಕಲಕಿ.

ಪುಡಿ ಹಾಳೆಗೆ ಹಿಡಿಯಲು ಅಂಟು ಬೇಕು. ಜಾಲಿ ಮರದ ಅಂಟು ನಮ್ಮ ಹೊಲದ ಬದುವಿನಲ್ಲೇ ಸಿಗುತ್ತದೆ. ರಾತ್ರಿ ನೀರಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಕರಗಿರುತ್ತದೆ. ಸೋಸಿಕೊಂಡು ಪುಡಿಗೆ ಕಲಸಿ. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬಣ್ಣ ಕೈಗೆ ಬರುತ್ತದೆ. ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಎಷ್ಟು ಅಂತ ನಾನು ಹೇಳುವುದಿಲ್ಲ, ಮಕ್ಕಳೇ ಎರಡು ಸಲ ಕೆಡಿಸಿ ಕಂಡುಕೊಳ್ಳುತ್ತಾರೆ. ಕಲಸಿದ್ದು ಎರಡು ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ಬಾದಾಮಿಯ ಮಣ್ಣು ಕೆಂಪು. ಎರಿ ಹೊಲದ ಮಣ್ಣು ಕಪ್ಪು. ಕಪ್ಪು ಇನ್ನೂ ಗಾಢವಾಗಿ ಬೇಕಾದರೆ ಇದ್ದಿಲು. ಬಿಳಿಗೆ ಸುಣ್ಣ. ಹಳದಿಗೆ ಅರಿಸಿನ. ಅರಿಸಿನಕ್ಕೆ ಚೂರು ಸುಣ್ಣ ಮುಟ್ಟಿಸಿದರೆ ಅಲ್ಲೇ ಕೆಂಪು ಹುಟ್ಟುತ್ತದೆ. ಹಬ್ಬದಲ್ಲಿ ಓಕುಳಿ ನೀರು ಕಲಸುವಾಗ ನೋಡಿದ್ದನ್ನೇ ಮಕ್ಕಳು ತರಗತಿಯಲ್ಲಿ ಮತ್ತೆ ನೋಡಿ ಕೂಗುತ್ತಾರೆ. ಸುಣ್ಣವನ್ನು ಮಾತ್ರ ಶಿಕ್ಷಕರೇ ಕೈಯಾರೆ ಹಾಕಿ. ಕಣ್ಣಿಗೆ ಹೋದರೆ ಬಹಳ ಅಪಾಯ. ಬೀಟ್‌ರೂಟ್ ರಸ ಹಚ್ಚಿದ ದಿನ ಚಂದ, ಬಿಸಿಲಿಗೆ ಇಟ್ಟರೆ ಮಾಸಿಹೋಗುತ್ತದೆ. ಅದನ್ನೂ ಹಚ್ಚಿಸಿ. ಅರ್ಧ ಹಾಳೆ ಪುಸ್ತಕದಲ್ಲಿ ಮುಚ್ಚಿಟ್ಟು, ಅರ್ಧ ಬಿಸಿಲಿಗಿಟ್ಟು, ಒಂದು ವಾರದ ಮೇಲೆ ಹೋಲಿಸಲಿ. ಮಣ್ಣಿನ ಬಣ್ಣ ಹಾಗೆ ಹೋಗುವುದಿಲ್ಲ.

ಈ ಕೆಲಸ ಮಾಡಿದ ಮೇಲೆ ಬಾದಾಮಿಯ ಮೂರನೇ ಗುಹೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಚಾಲುಕ್ಯ ಮಂಗಲೇಶ ತನ್ನ ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಮಾಡಿಸಿದ ಗುಹೆ ಅದು, ಅಲ್ಲಿನ ಶಾಸನದ ವರ್ಷ 578. ಅಲ್ಲಿ ಬಣ್ಣದ ಚಿತ್ರಗಳ ಅಳಿದುಳಿದ ಗುರುತು ಇವೆ. ಸುಮ್ನೆ ಹೋದವರಿಗೆ ಕಾಣುವುದೇ ಇಲ್ಲ, ಕೆಳಗಿನ ಮೂರ್ತಿ ನೋಡಿ ಹೊರಟುಬಿಡುತ್ತಾರೆ. ತಾವೇ ಮಣ್ಣು ಸೋಸಿ ಬಣ್ಣ ಮಾಡಿದ ಮಕ್ಕಳು ಮಾತ್ರ ಕತ್ತೆತ್ತಿ ನಿಂತುಬಿಡುತ್ತಾರೆ. "ಇಷ್ಟು ದಿನ ಹ್ಯಾಂಗ ಉಳೀತ್ರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆ ನಾನು ಬರೆಸಿದ ಯಾವ ನೋಟ್ಸಿನಿಂದಲೂ ಬಂದಿರಲಿಲ್ಲ.

ಮಣ್ಣಿನ ಗೊಂಬೆ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿದ ಮಕ್ಕಳು ನಮ್ಮವರು. ಪ್ರತಿಭಾ ಕಾರಂಜಿಗೆ ಅಂತ ಅದೇ ಮಕ್ಕಳಿಗೆ ಹೊಸದಾಗಿ ಕ್ಲೇ ಮಾಡಲಿಂಗ್ ಕಲಿಸುವಾಗ, ಮನೆಯಲ್ಲಿ ಹೇಗೆ ಮಾಡ್ತೀರಿ ಅಂತ ಮೊದಲು ಕೇಳಿ. ಒಂದೇ ಎಚ್ಚರಿಕೆ. ಗುಳ್ಳವ್ವನಿಗೆ ಚುಚ್ಚುವ ಗುಲಗಂಜಿ ವಿಷದ ಬೀಜ. ಶಾಲೆಯಲ್ಲಿ ಜೋಳ, ಕುಸುಬಿ ಸಾಕು.

ವಿಜಯಪುರದಿಂದ ಬಂದ ಶಿಕ್ಷಕರು ಇಲ್ಲಿ ಇದ್ದೀರಿ. ನಿಮ್ಮೂರಿನಲ್ಲಿ ನಿಂತು ಮಾಡಬೇಕಾದ ಒಂದು ಕೆಲಸ ಇದೆ, ಆದರೆ ನಾವು ಇಲ್ಲೇ ಮೈದಾನದಲ್ಲಿ ಮಾಡಿದೆವು. ಗೋಳಗುಮ್ಮಟದ ಗುಮ್ಮಟ ಒಳಗಿನಿಂದ ಅಳೆದರೆ ಸುಮಾರು 38 ಮೀಟರ್ ಅಗಲ. ಮಕ್ಕಳು ಇದನ್ನು ಪರೀಕ್ಷೆಗೆ ಬರೆಯುತ್ತಾರೆ. 38 ಮೀಟರ್ ಅಂದರೆ ಎಷ್ಟು? ಯಾರಿಗೂ ಅಂದಾಜಿಲ್ಲ. ಮೈದಾನದ ನಡುವೆ ಒಂದು ಗೂಟ ಹುಗಿದು, 19 ಮೀಟರ್ ಹಗ್ಗ ಕಟ್ಟಿ, ತುದಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಸುತ್ತು ಹೊಡೆದೆವು. ಆಮೇಲೆ ಏಳನೇ ತರಗತಿಯ ನಲವತ್ತೂ ಮಕ್ಕಳು ಕೈ ಕೈ ಹಿಡಿದು ಆ ಗೆರೆಯ ಮೇಲೆ ನಿಂತರು. ಅರ್ಧ ಸುತ್ತೂ ತುಂಬಲಿಲ್ಲ. ಎಂಟನೇ ತರಗತಿಯವರನ್ನು ಕರೆದರು. ಆಗಲೂ ಬಾಯಿ ಕೂಡಲಿಲ್ಲ. ಕೊನೆಗೆ ಅಡುಗೆಯವರು, ಹೆಡ್ ಮಾಸ್ತರು, ನಾನು, ಎಲ್ಲರೂ ಸೇರಿಕೊಂಡೆವು. ನಡುವೆ ಒಂದು ಕಂಬವೂ ಇಲ್ಲದೆ ಇಷ್ಟು ದೊಡ್ಡದನ್ನು ನಿಲ್ಲಿಸಿದ್ದು ಹೇಗೆ ಅಂತ ಆಗ ಕೇಳಿದರು.

ಉತ್ತರ ಹಾಳೆಯಲ್ಲಿದೆ. ಒಂದು ದುಂಡು ಹಾಳೆ ಕತ್ತರಿಸಿ ಮೂರು ಸಲ ಮಡಚಿದರೆ ಎಂಟು ಮಡಿಕೆ ಬೀಳುತ್ತವೆ. ಅಂಚಿನಲ್ಲಿ ಎಂಟು ಚುಕ್ಕೆ ಇಡಿ. ಒಂದು ಬಿಟ್ಟು ಒಂದು ಚುಕ್ಕೆ ಸೇರಿಸಿದರೆ ಒಂದು ಚೌಕ, ಉಳಿದವನ್ನು ಸೇರಿಸಿದರೆ ಇನ್ನೊಂದು ಚೌಕ. ನಡುವೆ ಎಂಟು ಮೂಲೆಯ ಜಾಗ ಉಳಿಯುತ್ತದೆ. ಗೋಳಗುಮ್ಮಟದ ಕಮಾನುಗಳು ಇದೇ ಥರ ಒಂದನ್ನೊಂದು ಹಾಯ್ದು ಹೋಗಿ ಮೇಲಿನ ಗುಮ್ಮಟಕ್ಕೆ ಆಸರೆ ಕೊಟ್ಟಿವೆ. ಮಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅವನ ಸಮಾಧಿಯ ನೆತ್ತಿಯ ಲೆಕ್ಕ ಒಂದು ಮಡಚಿದ ಹಾಳೆಯಲ್ಲಿ ಏಳನೇ ತರಗತಿಯ ಮಗುವಿನ ಕೈಗೆ ಸಿಗುತ್ತದೆ.

ಈಗ ಪಾಲಕರಿಗೆ ಒಂದು ಮಾತು. ಇದೇ ಗೋಳಗುಮ್ಮಟವನ್ನು ಥರ್ಮಕೋಲಿನಲ್ಲಿ ಮಾಡಿ ತಂದದ್ದನ್ನು ಒಂದು ವಸ್ತು ಪ್ರದರ್ಶನದಲ್ಲಿ ನೋಡಿದೆ. ನಾಲ್ಕು ಮೂಲೆಗೂ ಬಲ್ಬು, ಬಂಗಾರದ ಬಣ್ಣ. ಪಕ್ಕದಲ್ಲಿ ನಿಂತ ಹುಡುಗಿಗೆ, ಗೋಪುರಕ್ಕೆ ಎಷ್ಟು ಅಂತಸ್ತು ಪುಟ್ಟಿ ಅಂತ ಕೇಳಿದೆ. ಅವಳು ಕಣ್ಣು ಕೆಳಗೆ ಹಾಕಿದಳು. ಅವಳ ಅಪ್ಪ ಹಿಂದೆ ನಿಂತಿದ್ದರು. ರಾತ್ರಿ ಎರಡರ ತನಕ ಕೂತು ಮಾಡಿದ್ದು ಅವರೇ ಅಂತ ಅವರ ಕೆಂಪು ಕಣ್ಣೇ ಹೇಳುತ್ತಿತ್ತು. ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮೊದಲ ಬಹುಮಾನ ಅದಕ್ಕೇ ಬಂತು. ಪಕ್ಕದಲ್ಲಿ ರಟ್ಟಿನ ಮೇಲೆ ಮಣ್ಣಿನಿಂದ ತನ್ನ ಓಣಿಯ ಬೋರ್‌ವೆಲ್ ಮಾಡಿ ತಂದ ಹುಡುಗನಿಗೆ ಏನೂ ಬರಲಿಲ್ಲ. ಆ ಇಬ್ಬರೂ ಮಕ್ಕಳು ಅವತ್ತು ತಪ್ಪನ್ನೇ ಕಲಿತು ಹೋದರು. ದಯವಿಟ್ಟು ಮಕ್ಕಳ ಕೆಲಸ ನೀವು ಮಾಡಬೇಡಿ. ಪಕ್ಕದಲ್ಲಿ ಕೂತು, ಅವರು ಕೇಳಿದ್ದಕ್ಕೆ ಉತ್ತರ ಹೇಳಿ. ಅಷ್ಟು ಸಾಕು.

ಅಂಕದ ವಿಷಯ ಶಿಕ್ಷಕರಿಗೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಪಾಠದ ಜೊತೆಜೊತೆಗೇ ಮಾಡುವ ಮೌಲ್ಯಮಾಪನಕ್ಕೆ, ಚಟುವಟಿಕೆ ಬೇಕು, ಅಂಕ ತುಂಬಲೇಬೇಕು, ಗೊತ್ತು. ನಾನು ಅಂದಕ್ಕೆ ಅಂಕ ಕೊಡುವುದನ್ನು ಬಿಟ್ಟೆ. ಹಾಳೆಯ ಹಿಂದೆ ಮಗು ಎರಡು ಸಾಲು ಬರೆಯಬೇಕು: ಇದನ್ನು ಎಲ್ಲಿ ನೋಡಿದೆ, ಯಾವುದು ಕಷ್ಟ ಆಯಿತು. ಆ ಎರಡು ಸಾಲು ಓದಿದರೆ ನೋಡಿ ತೆಗೆದದ್ದೋ, ನಕಲೋ ಅಂತ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಇನ್ನೊಂದು, ಮಗುವಿನ ಚಿತ್ರದ ಮೇಲೆ ನಿಮ್ಮ ಪೆನ್ಸಿಲ್ ಓಡಿಸಬೇಡಿ. ತಿದ್ದಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ.

ಕೊನೆಗೆ ಹೇಳಬೇಕೆಂದು ಇಟ್ಟುಕೊಂಡದ್ದು ಬಾಗಲಕೋಟೆಯವರ ಕೆಲಸ. ಬೇರೆ ಊರಿನವರಿಗೆ ಇದು ಅಷ್ಟು ಹತ್ತಲಿಕ್ಕಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟು ಮನೆ ಹೋದವು ಅನ್ನುವುದು ಈ ಸಭೆಯಲ್ಲಿ ಕೂತ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತು. ಮನೆ ಕಳೆದುಕೊಂಡವರಿಗೆ ಕಟ್ಟಿದ ನವನಗರದಲ್ಲಿ ಹುಟ್ಟಿದ ಮಕ್ಕಳಿಗೆ ಮುಳುಗಡೆ ಅನ್ನುವುದು ಬರೀ ಒಂದು ಪದ. ಅವರ ವಿಳಾಸದಲ್ಲಿ ಸೆಕ್ಟರ್ ನಂಬರ್ ಇದೆ, ಓಣಿಯ ಹೆಸರಿಲ್ಲ. ನಾನು ಎಂಟನೇ ತರಗತಿಗೆ ಒಂದು ಕೆಲಸ ಕೊಟ್ಟೆ: ನೀವು ನೋಡದ ಮನೆಯ ಚಿತ್ರ.

ಮೊದಲ ವಾರ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಅಜ್ಜ, ಅಜ್ಜಿ, ಇಲ್ಲವೇ ಓಣಿಯ ಹಿರಿಯರ ಹತ್ತಿರ ಕೂತು ಕೇಳಬೇಕು. ಗೊತ್ತಿಲ್ಲದ ಪದ ಬಂದರೆ ಬರೆದುಕೊಳ್ಳಬೇಕು. ಎರಡನೇ ವಾರ ಆ ಮನೆಯ ನೆಲದ ನಕ್ಷೆ ತೆಗೆಯಬೇಕು. ಮೂರನೇ ವಾರ ಹೇಳಿದವರಿಗೇ ತೋರಿಸಿ ತಿದ್ದಿಸಿಕೊಂಡು ಬರಬೇಕು. ಯಾರ ಮೇಲೂ ಒತ್ತಾಯ ಮಾಡಬಾರದು, ನೋವಾಗುವವರನ್ನು ಕೇಳಬಾರದು ಅಂತ ಮೊದಲೇ ಹೇಳಿದ್ದೆ.

ಮೊದಲ ವಾರವೇ ಪದಗಳ ರಾಶಿ ಬಂತು. ಪಡಸಾಲಿ, ಮಾಳಗಿ, ಜಂತಿ, ಹಗೇವು, ಬೆಳಕಿಂಡಿ. ಬೆಳಕಿಂಡಿ ಅಂದರೆ ಮಾಳಗಿಯ ಚಪ್ಪಟೆ ಚಾವಣಿಯಲ್ಲಿ ಬೆಳಕಿಗೆ ಬಿಟ್ಟ ಕಿಂಡಿ ಅಂತ ನಮ್ಮ ತರಗತಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಹುಡುಗಿ ಅಡುಗೆ ಮನೆಯ ನಡುವೆ ಒಂದು ಹಳದಿ ಚೌಕ ತೆಗೆದಿದ್ದಳು. ಇದೇನು ಅಂದೆ. "ಬೆಳಕಿಂಡಿ ಬಿಸಲ ರೀ. ಮಧ್ಯಾಹ್ನ ಅದು ಒಲಿ ಹತ್ರ ಬಂದ್ರ ನಮ್ಮಜ್ಜಿ ರೊಟ್ಟಿ ಬಡ್ಯಾಕ ಕುಂದರ್ತಿದ್ಳಂತ." ಗಡಿಯಾರ ಇಲ್ಲದ ಮನೆಯ ಗಡಿಯಾರ ಅದು. ಆ ಹುಡುಗಿ ಆ ಬಿಸಿಲನ್ನು ನೋಡಿಲ್ಲ, ಆದರೆ ಹಾಳೆಯ ಮೇಲೆ ಸರಿಯಾದ ಜಾಗದಲ್ಲಿ ಬಿದ್ದಿತ್ತು.

ಮೂರನೇ ವಾರ ಅದೇ ಹಾಳೆ ತಿದ್ದಿಸಿಕೊಂಡು ಬಂತು. ದೀಪ ಇಡುವ ಗೂಡನ್ನು ಅವಳು ಬಾಗಿಲ ಬಲಕ್ಕೆ ತೆಗೆದಿದ್ದಳು. ಅಜ್ಜಿ ತಾನೇ ಪೆನ್ಸಿಲ್ ಈಸಿಕೊಂಡು ಎಡಕ್ಕೆ ಒಂದು ಸಣ್ಣ ಗೂಡು ತೆಗೆದು, ಅದರ ಮೇಲೆ ಮಸಿಯ ಗುರುತಿಗೆ ನಾಲ್ಕು ಗೆರೆ ಎಳೆದಿದ್ದರು. ಅವರ ಬದುಕಿನಲ್ಲಿ ಹಾಳೆಯ ಮೇಲೆ ತೆಗೆದ ಮೊದಲ ಚಿತ್ರ ಅದು ಅಂತ ಹುಡುಗಿ ಹಾಳೆಯ ಹಿಂಬದಿಗೆ ಬರೆದಿದ್ದಾಳೆ. ಮಗುವಿನ ಚಿತ್ರದ ಮೇಲೆ ಪೆನ್ಸಿಲ್ ಓಡಿಸಬೇಡಿ ಅಂತ ಈಗ ತಾನೇ ಹೇಳಿದೆ. ಈ ಒಂದು ಕೈಗೆ ಆ ಮಾತು ಅನ್ವಯಿಸುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಶಿಕ್ಷಕಿ ಎದ್ದು ಕೇಳಿದರು, "ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು ಇಲ್ಲ. ನಾನು ವಿಜ್ಞಾನ ಹೇಳುವವಳು. ನನಗೇ ಚಿತ್ರ ಬರಲ್ಲ. ನಾನು ಎಲ್ಲಿಂದ ಶುರು ಮಾಡಲಿ?"

ಮಣ್ಣಿನಿಂದ ಶುರು ಮಾಡಿ ಅಂದೆ. ಸೋಸುವುದು, ತಿಳಿ ಬಗ್ಗಿಸುವುದು, ಒಣಗಿಸುವುದು ನಿಮ್ಮ ಪಾಠದಲ್ಲೇ ಇದೆ. ನಿಮಗೆ ಒಂದು ಗೆರೆಯೂ ಎಳೆಯಲು ಬರಬೇಕಾಗಿಲ್ಲ. ಸೋಮವಾರ ಎಲ್ಲರೂ ಒಂದೊಂದು ಹಿಡಿ ಮಣ್ಣು ತರಲಿ, ತಂದ ಜಾಗದ ಹೆಸರು ಬರೆದು ಚೀಟಿ ಅಂಟಿಸಲಿ. ಇಲ್ಲಿ ಹಿಂದಿನ ಮೇಜಿನ ಮೇಲೆ ನಮ್ಮ ಮಕ್ಕಳು ಸೋಸಿಟ್ಟ ಏಳು ಬಾಟಲಿ ಇವೆ. ಹೋಗುವಾಗ ನೋಡಿಕೊಂಡು ಹೋಗಿ. ಮೂರನೇ ಬಾಟಲಿಯ ಚೀಟಿ ಬಿದ್ದುಹೋಗಿದೆ. ತುಸು ನೇರಳೆ ಕಡೆಗೆ ವಾಲಿದ ಕೆಂಪು. ಅದು ಯಾವ ಊರಿನ ಮಣ್ಣು ಅಂತ ನಿಮ್ಮಲ್ಲಿ ಯಾರಿಗಾದರೂ ಗುರುತು ಸಿಕ್ಕರೆ ಹೇಳಿ, ತಂದ ಹುಡುಗ ಇನ್ನೂ ಹುಡುಕುತ್ತಿದ್ದಾನೆ.